ಹತ್ತನೇ ಕ್ಲಾಸಿನ ಕಷ್ಟದ ಲೆಕ್ಕಗಳು: ಭಾನುವಾರ ಕೂರೋಣ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 10ರಿಂದ 12ರವರೆಗೆ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಹೋಂವರ್ಕಿನ ಲೆಕ್ಕ ಬಿಡಿಸಲು ಸಹಾಯ ಮಾಡುತ್ತೇವೆ. ಈ ವಾರ ವರ್ಗ ಸಮೀಕರಣ (x² ಬರುವ ಸಮೀಕರಣ) ಮಾತ್ರ.

ಬಾರದ ಲೆಕ್ಕದ ಫೋಟೋ ಶುಕ್ರವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಮಗು ಎಲ್ಲಿಯವರೆಗೆ ಮಾಡಿದೆಯೋ ಅದೂ ಇರಲಿ, ತಪ್ಪಿದ್ದರೂ ಅಳಿಸಬೇಡಿ. ಎಲ್ಲಿ ಎಡವಿದೆ ಅಂತ ನಮಗೆ ತಿಳಿಯುವುದೇ ಅದರಿಂದ. ನಾನು ಕಂಡಂತೆ ಮಕ್ಕಳಿಗೆ ಸೂತ್ರ ಬಾಯಿಪಾಠ ಇರುತ್ತದೆ, ಸಮೀಕರಣ ಬರೆಯುವಲ್ಲೇ ನಿಂತುಬಿಡುತ್ತಾರೆ. ಉದಾಹರಣೆಗೆ, 240 ಕಿ.ಮೀ. ಹೋಗುವ ರೈಲಿನ ವೇಗ ಗಂಟೆಗೆ 20 ಕಿ.ಮೀ. ಹೆಚ್ಚಿದ್ದರೆ 1 ಗಂಟೆ ಉಳಿಯುತ್ತಿತ್ತು. ಮೂಲ ವೇಗ ಎಷ್ಟು? ಎರಡು ಸಮಯಗಳ ವ್ಯತ್ಯಾಸ 1 ಎಂದು ಬರೆದರೆ ಅರ್ಧ ಕೆಲಸ ಮುಗಿಯಿತು. ಆ ಸಮೀಕರಣ ಬಿಡಿಸಿದರೆ ಸಿಗುವ ಎರಡು ಬೆಲೆಗಳು 60 ಮತ್ತು –80. ವೇಗ ಋಣಸಂಖ್ಯೆ ಆಗದು, ಆದ್ದರಿಂದ 60.

ದಯವಿಟ್ಟು ಯಾರೂ ಪೂರ್ತಿ ಉತ್ತರ ಗುಂಪಿಗೆ ಹಾಕಬೇಡಿ, ಮುಂದಿನ ಒಂದು ಹೆಜ್ಜೆಯ ಸುಳಿವು ಸಾಕು. ನಕಲು ಮಾಡಿಕೊಂಡ ಲೆಕ್ಕ ಪರೀಕ್ಷೆಯಲ್ಲಿ ಕೈಕೊಡುತ್ತದೆ, ಹೋದ ವರ್ಷ ನನ್ನ ಮಗಳಿಗೆ ಹಾಗೇ ಆಯಿತು.

ಬರುವವರು ಮಗುವಿನ ಹೆಸರು, ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ತಿಳಿಸಿ. ಹೇಳಿಕೊಡಲು ಇನ್ನೂ ಇಬ್ಬರು ಬೇಕು. ಯಾರು ಬರ್ತೀರಿ?