ಗೋಡೆಗೆ ಬಣ್ಣ ಹೊಡೆದರೆ ಸೋರುವುದು ನಿಲ್ಲುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಪಕ್ಕದ ಮನೆಯ ಅಕ್ಕ ಯುಗಾದಿಗೆ ಅಂತ ಮನೆ ತೊಳೆಯುತ್ತಿದ್ದರು. ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ನಾನೂ ಒಂದು ಕೈ ಸೇರಿಸೋಣ ಅಂತ ಹೋಗಿದ್ದೆ. ಇಬ್ಬರೂ ಕೂತು ಹುಣಸೆಹಣ್ಣು ಹಾಕಿ ಹಿತ್ತಾಳೆ ಪಾತ್ರೆ ತಿಕ್ಕುವಾಗ ಮಾತು ಈಸ್ಟರ್ ಹಬ್ಬಕ್ಕೆ ಮುಂಚೆ ಬರುವ ನಮ್ಮ ಕ್ರೈಸ್ತರ ತಪಸ್ಸುಕಾಲದ ಕಡೆ ಹೊರಳಿತು. ಆಗ ಅವರು ಹೇಳಿದರು: "ನಿಮ್ಮದು ಸುಲಭ ಬಿಡು. ತಪ್ಪು ಮಾಡೋದು, ಫಾದರ್ ಹತ್ರ ಹೋಗಿ ಹೇಳೋದು, ಮುಗೀತು. ಮತ್ತೆ ಹೊಸ ಲೆಕ್ಕ."

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೂವತ್ತು ವರ್ಷದ ನೆರೆಹೊರೆ ನಮ್ಮದು. ಆದರೆ ನನಗೆ ಆಗ ಉತ್ತರ ಹೊಳೆಯಲಿಲ್ಲ, ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ. ಈ ಮಾತನ್ನು ಬಹಳ ಜನ ಹೇಳುತ್ತಾರೆ. ನಮ್ಮ ಕ್ರೈಸ್ತರಲ್ಲೇ ಎಷ್ಟೋ ಜನ ಹಾಗೆಯೇ ನಂಬಿಕೊಂಡಿದ್ದಾರೆ, ನಾನೂ ಬಹಳ ವರ್ಷ ಹಾಗೆಯೇ ಇದ್ದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ಈ ವರ್ಷ ಫೆಬ್ರವರಿ 18ಕ್ಕೆ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಬಂತು. ಏಪ್ರಿಲ್ 5ಕ್ಕೆ ಈಸ್ಟರ್. ನಡುವಿನ ಭಾನುವಾರಗಳನ್ನು ಬಿಟ್ಟರೆ ನಲವತ್ತು ದಿನ. ಈ ದಿನಗಳಲ್ಲಿ ನಾವು ಮಾಂಸ ಬಿಡುತ್ತೇವೆ, ಮದುವೆ ಮುಂಜಿ ಅಂತ ಗದ್ದಲ ಮಾಡುವುದಿಲ್ಲ. ಹೊರಗಿನವರಿಗೆ ಕಾಣುವುದು ಇಷ್ಟೇ. ಮೊದಲ ದಿನ ಗುರುಗಳು ಹಣೆಗೆ ಬೂದಿ ಹಚ್ಚುತ್ತಾರೆ. ಹಿಂದಿನ ವರ್ಷ ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ನಾವು ಹಿಡಿದು ಮೆರವಣಿಗೆ ಹೋಗಿದ್ದ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು. ಹಚ್ಚುವಾಗ "ನೀನು ಮಣ್ಣು, ಮಣ್ಣಿಗೇ ಮರಳುತ್ತೀಯ" ಎನ್ನುತ್ತಾರೆ. ಸಣ್ಣವಳಿದ್ದಾಗ ನನಗೆ ಈ ಮಾತು ಕೇಳಿದರೆ ಹೆದರಿಕೆ. ಆದರೆ ಬೂದಿಯ ಬಗ್ಗೆ ಹೆದರಿಕೆ ಇರಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಬೂದಿ ಅಂದರೆ ಪಾತ್ರೆ ತೊಳೆಯುವ ವಸ್ತು. ಅಮ್ಮ ಒಲೆಯ ಬೂದಿಯನ್ನು ಜರಡಿ ಹಿಡಿದು ಡಬ್ಬಿಯಲ್ಲಿ ಇಡುತ್ತಿದ್ದರು. ತೆಂಗಿನ ನಾರಿಗೆ ಬೂದಿ ಮುಟ್ಟಿಸಿ ತಿಕ್ಕಿದರೆ ಎಂಥ ಜಿಡ್ಡಾದರೂ ಬಿಡುತ್ತಿತ್ತು. ಬೂದಿಯಲ್ಲಿ ಕ್ಷಾರ ಇರುತ್ತದೆ, ಜಿಡ್ಡಿನ ಜೊತೆ ಸೇರಿದಾಗ ಅದು ಸಾಬೂನಿನ ಹಾಗೆಯೇ ಕೆಲಸ ಮಾಡುತ್ತದೆ ಅಂತ ಆಮೇಲೆ ಶಾಲೆಯಲ್ಲಿ ಕಲಿತೆ. ಈಗಲೂ ಬೂದಿ ಬುಧವಾರ ಸಾಲಿನಲ್ಲಿ ನಿಂತಾಗ ನನಗೆ ಸಾವಿಗಿಂತ ಮೊದಲು ನೆನಪಾಗುವುದು ಅಮ್ಮನ ಬಚ್ಚಲ ಕಟ್ಟೆ, ಮಗುಚಿಟ್ಟ ಪಾತ್ರೆಗಳ ಸಾಲು.

ಈಗ ಗೋಡೆಯ ವಿಷಯಕ್ಕೆ ಬರುತ್ತೇನೆ.

ನಮ್ಮದು ಸಕಲೇಶಪುರದ ಕಡೆಯ ಹಳೇ ಹೆಂಚಿನ ಮನೆ. ಇಲ್ಲಿನ ಮಳೆ ನಿಮಗೆ ಗೊತ್ತೇ ಇದೆ. ಅಡುಗೆಮನೆ ಪಕ್ಕದ ಕೋಣೆಯ ಗೋಡೆಯಲ್ಲಿ ಪ್ರತಿ ಆಷಾಢಕ್ಕೆ ಬೂಷ್ಟು ಬರುತ್ತಿತ್ತು. ಮೊದಲು ಒಂದು ಅಂಗೈಯಷ್ಟು, ಆಮೇಲೆ ಮೊರದಷ್ಟು. ಕ್ರಿಸ್‌ಮಸ್‌ಗೆ ನೆಂಟರು ಬರುತ್ತಾರೆ ಅಂತ ಪ್ರತಿ ಡಿಸೆಂಬರ್‌ನಲ್ಲಿ ಅದನ್ನು ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆಸುತ್ತಿದ್ದೆ. ಜನವರಿಯಿಂದ ಮೇ ತನಕ ಗೋಡೆ ನೋಡೋಕೆ ಚೆನ್ನಾಗಿರುತ್ತಿತ್ತು. ಮಳೆ ಹಿಡಿದ ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಬಣ್ಣ ಉಬ್ಬಿ, ಕಪ್ಪು ಚುಕ್ಕೆ. ಎಷ್ಟು ವರ್ಷ ಹೀಗೆ ಮಾಡಿದೆನೋ. ಕೊನೆಗೆ ಮೂರು ವರ್ಷದ ಕೆಳಗೆ ಗಾರೆ ಕೆಲಸದವರೊಬ್ಬರು ಬಂದು ಗೋಡೆಯನ್ನು ಮುಟ್ಟಿ ಕೂಡ ನೋಡಲಿಲ್ಲ, ನೇರ ಏಣಿ ಹಾಕಿ ಮಾಡು ಹತ್ತಿದರು. ಇಳಿದು ಬಂದು ಹೇಳಿದರು: "ಅಕ್ಕಾ, ಗೋಡೆಯಲ್ಲಿ ಏನೂ ಇಲ್ಲ. ಮಂಗ ಹಾರಿ ಹೆಂಚು ಒಡೆದಿದೆ. ಅದು ಇರೋದು ಆ ಕಡೆ ಮೂಲೆಯಲ್ಲಿ. ನೀರು ರೀಪಿನ ಗುಂಟ ಹರಿದು ಇಲ್ಲಿ ಇಳೀತಿದೆ. ಹೆಂಚು ಕೈಯಾಡಿಸದೆ ನೀವು ಬಣ್ಣ ಹೊಡೆದು ಏನು ಪ್ರಯೋಜನ?"

ಒಡೆದದ್ದು ಒಂದು ಕಡೆ, ಕಲೆ ಕಂಡದ್ದು ಇನ್ನೊಂದು ಕಡೆ. ನಾನು ಅಷ್ಟೂ ವರ್ಷ ಕಲೆಯ ಜೊತೆಯೇ ಗುದ್ದಾಡಿದ್ದೆ.

ಬೈಬಲಿನ ಯಾಜಕಕಾಂಡದ 14ನೇ ಅಧ್ಯಾಯದಲ್ಲಿ ಗೋಡೆಗೆ ಹತ್ತುವ ಇಂಥ ರೋಗದ ಬಗ್ಗೆಯೇ ಬರೆದಿದೆ ಅಂದರೆ ನಮ್ಮವರಲ್ಲೂ ಎಷ್ಟೋ ಜನ ನಂಬುವುದಿಲ್ಲ, ಓದಿ ನೋಡಿ. ಗೋಡೆಯಲ್ಲಿ ಅಂಥ ಕಲೆ ಕಂಡರೆ ಮನೆಯ ಯಜಮಾನ ತಾನೇ ಯಾಜಕನ ಹತ್ತಿರ ಹೋಗಿ ಹೇಳಬೇಕು. ಯಾಜಕ ಬಂದು ನೋಡುವ ಮೊದಲು ಮನೆಯ ಸಾಮಾನೆಲ್ಲ ಹೊರಗೆ ಹಾಕಬೇಕು. ಹಸಿರೋ ಕೆಂಪೋ ಕಲೆ ಮೇಲ್ಮೈಗಿಂತ ಆಳಕ್ಕೆ ಇಳಿದಿದೆ ಅಂತ ಯಾಜಕನಿಗೆ ಕಂಡರೆ ಏಳು ದಿನ ಮನೆಯ ಬಾಗಿಲು ಮುಚ್ಚಬೇಕು. ಕಲೆ ಹರಡಿದ್ದರೆ ಆ ಕಲ್ಲುಗಳನ್ನೇ ಕಿತ್ತು ಊರ ಹೊರಗೆ ಎಸೆಯಬೇಕು, ಒಳಗಿನ ಗಾರೆಯನ್ನೆಲ್ಲ ಕೆರೆಯಬೇಕು, ಬೇರೆ ಕಲ್ಲು ಇಟ್ಟು ಹೊಸ ಗಾರೆ ಮೆತ್ತಬೇಕು. ಅಷ್ಟಾದ ಮೇಲೂ ಕಲೆ ಮರಳಿ ಬಂದರೆ ಮನೆಯನ್ನೇ ಕೆಡವಬೇಕು. ಕಲೆಯ ಮೇಲೆ ಬಣ್ಣ ಬಳಿದು ಮುಚ್ಚುವ ಮಾತೇ ಅಲ್ಲಿಲ್ಲ. ಮನೆ ವಾಸಿಯಾದರೆ ಅದನ್ನು ಶುದ್ಧಿ ಮಾಡುವುದಕ್ಕೆ ಬಳಸುವ ವಸ್ತುಗಳಲ್ಲಿ ಹಿಸ್ಸೋಪು ಅನ್ನುವ ಗಿಡವೂ ಒಂದು. ಬೈಬಲಿನ 51ನೇ ಕೀರ್ತನೆಯಲ್ಲಿ ಹಿಸ್ಸೋಪಿನಿಂದ ನನ್ನನ್ನು ಶುದ್ಧಿ ಮಾಡು ಅಂತ ಬೇಡುತ್ತೇವಲ್ಲ, ಅದೇ ಗಿಡ. ತಪಸ್ಸುಕಾಲದಲ್ಲಿ ನಾವು ಮತ್ತೆ ಮತ್ತೆ ಹೇಳುವ ಕೀರ್ತನೆ ಅದು.

ಆ ಕೀರ್ತನೆಯಲ್ಲಿ ಇನ್ನೊಂದು ವಿಷಯ ಇದೆ. "ನನ್ನನ್ನು ತೊಳೆ" ಅನ್ನುವಲ್ಲಿ ಮೂಲ ಹೀಬ್ರೂ ಭಾಷೆಯಲ್ಲಿರುವುದು ಮೈ ತೊಳೆಯುವುದಕ್ಕೆ ಬಳಸುವ ಪದ ಅಲ್ಲ, ಬಟ್ಟೆ ಒಗೆಯುವ ಪದ. ಆ ಕಾಲದಲ್ಲಿ ಬಟ್ಟೆಯನ್ನು ನೀರಿನಲ್ಲಿ ಹಾಕಿ ಕಾಲಿನಿಂದ ತುಳಿದು ಒಗೆಯುತ್ತಿದ್ದರು. ಅಂದರೆ ಕೀರ್ತನೆ ಹಾಡಿದವನು ಮೇಲೆ ನೀರು ಚಿಮುಕಿಸು ಅಂತ ಕೇಳುತ್ತಿಲ್ಲ. ತುಳಿ, ಹಿಂಡು, ಕೊಳೆ ಬಿಡುವ ತನಕ ಬಿಡಬೇಡ ಅಂತ ಕೇಳುತ್ತಿದ್ದಾನೆ. ಹೊಳೆಯ ಕಲ್ಲಿನ ಮೇಲೆ ಕಂಬಳಿ ಒಗೆದವರಿಗೆ ಇದು ಎಂಥ ಪ್ರಾರ್ಥನೆ ಅಂತ ಗೊತ್ತಾಗುತ್ತದೆ. ನೋವಾಗುತ್ತದೆ ಅಂತ ಗೊತ್ತಿದ್ದೇ ಕೇಳುವ ಪ್ರಾರ್ಥನೆ.

ನನ್ನ ಒಡೆದ ಹೆಂಚು ಯಾವುದು ಅಂತ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದ ಹಿಂದೆ ಅಮ್ಮ ತೀರಿಕೊಂಡರು. ಅವರ ಕೈಯಲ್ಲಿ ಎರಡು ಬಳೆ ಇದ್ದವು. ಒಂದು ನಿನಗೆ, ಒಂದು ತಂಗಿಗೆ ಅಂತ ನನ್ನ ಹತ್ತಿರ ಬಾಯಿಮಾತಿನಲ್ಲಿ ಹೇಳಿದ್ದರು. ಆಸ್ಪತ್ರೆ ಖರ್ಚು ನೋಡಿಕೊಂಡದ್ದು ನಾನು, ರಾತ್ರಿ ನಿದ್ದೆಗೆಟ್ಟದ್ದು ನಾನು, ಅವಳು ಊರಿಂದ ಬಂದು ಮೂರು ದಿನ ಕೂತು ಹೋದಳು ಅಂತ ನನಗೆ ಹೊಟ್ಟೆಯೊಳಗೆ ಕುದಿಯುತ್ತಿತ್ತು. ಎರಡೂ ಬಳೆ ನಾನೇ ಇಟ್ಟುಕೊಂಡೆ. ಅವಳು ಒಂದು ಸಲ ಕೇಳಿದಳು, ನಾನು ಏನೋ ಹೇಳಿ ತೇಲಿಸಿದೆ. ಆಮೇಲೆ ಮಾತು ಕಮ್ಮಿಯಾಯಿತು, ಆಮೇಲೆ ನಿಂತೇ ಹೋಯಿತು.

ವರ್ಷಕ್ಕೆ ಒಂದು ಸಲವಾದರೂ ಪಾಪನಿವೇದನೆ, ಅಂದರೆ ಗುರುಗಳ ಹತ್ತಿರ ಪಾಪ ಹೇಳಿಕೊಳ್ಳುವುದು, ಮಾಡಬೇಕು ಅನ್ನುವ ನಿಯಮ ನಮ್ಮ ಕಥೋಲಿಕರಲ್ಲಿ 1215ರಲ್ಲಿ ಬಿಷಪ್ಪರು ರೋಮಿನಲ್ಲಿ ಸೇರಿದ್ದ ಲ್ಯಾಟರನ್ ಮಹಾಸಭೆಯಿಂದ ಬಂದಿದೆ. ನಾನು ಈಸ್ಟರ್‌ಗೆ ಮುಂಚೆ ತಪ್ಪದೆ ಹೋಗುತ್ತಿದ್ದೆ. ಹೋಗಿ ಹೇಳುತ್ತಿದ್ದುದು ಒಂದೇ: "ತಂಗಿಯ ಮೇಲೆ ಸಿಟ್ಟಿದೆ ಸ್ವಾಮಿ." ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಿಟ್ಟು ಇತ್ತು. ಆದರೆ ಸಿಟ್ಟು ಗೋಡೆಯ ಕಲೆ, ಬಳೆಯ ಮಾತನ್ನು ನಾನು ಎತ್ತುತ್ತಲೇ ಇರಲಿಲ್ಲ. ಹೊರಗೆ ಬಂದಾಗ ಮನಸ್ಸು ಹಗುರ ಅನ್ನಿಸುತ್ತಿತ್ತು, ಡಿಸೆಂಬರ್‌ನಲ್ಲಿ ಬಣ್ಣ ಹೊಡೆದ ಗೋಡೆಯ ಹಾಗೆ. ಯಾರದೋ ಮದುವೆಯಲ್ಲಿ ಅವಳ ಮುಖ ಕಂಡರೆ ಅದೇ ಜಾಗದಲ್ಲಿ ಮತ್ತೆ ಉಬ್ಬುತ್ತಿತ್ತು.

ಹೆಂಚು ಬದಲಾಯಿಸಿದ ವರ್ಷವೇ ಒಬ್ಬ ಗುರುಗಳು, ನನಗೆ ಪರಿಚಯ ಇಲ್ಲದವರು, ಸುಮ್ನೆ ಒಂದು ಪ್ರಶ್ನೆ ಕೇಳಿದರು. "ಸಿಟ್ಟು ಎಲ್ಲಿಂದ ಶುರುವಾಯ್ತಮ್ಮ?" ಅಷ್ಟೇ. ನನಗೆ ಮಾಡು ಹತ್ತಿದ ಆ ಮನುಷ್ಯ ಕಣ್ಣ ಮುಂದೆ ಬಂದರು. ಬಾಯಿಂದ ಬಳೆಯ ವಿಷಯ ತಾನಾಗಿ ಬಂತು, ಅಳುವೂ ಬಂತು. ಅವರು ಕ್ಷಮೆಯ ಮಾತು ಹೇಳಿದರು. ಅದರ ಜೊತೆಗೆ "ಬಳೆ ಅವರಿಗೆ ಸೇರಬೇಕು" ಅಂತಲೂ ಹೇಳಿದರು. ಇದು ಅವರೊಬ್ಬರ ಅಭಿಪ್ರಾಯ ಅಲ್ಲ. 1992ರಲ್ಲಿ ಹೊರಬಂದ ನಮ್ಮ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲೇ ಇದೆ: ಕ್ಷಮೆ ಪಾಪವನ್ನು ತೆಗೆಯುತ್ತದೆ, ಆದರೆ ಪಾಪದಿಂದ ಆದ ಹಾಳನ್ನೆಲ್ಲ ಸರಿಮಾಡುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು. ಯಾರ ಹೆಸರು ಕೆಡಿಸಿದ್ದೇವೋ ಅದನ್ನು ಸರಿಮಾಡಬೇಕು. ಪಕ್ಕದ ಮನೆಯ ಅಕ್ಕನಿಗೆ ನಾನು ಅಂದು ಹೇಳಬೇಕಿದ್ದ ಉತ್ತರ ಇದೇ. ಅಕ್ಕಾ, ಫಾದರ್ ಹತ್ರ ಹೇಳಿದರೆ ಮುಗಿಯಲ್ಲ, ಕೆಲಸ ಅಲ್ಲಿಂದ ಶುರು.

ಯೇಸುಸ್ವಾಮಿಯೂ ಹಾಗೆಯೇ ಹೇಳಿದ್ದು. ಕಾಣಿಕೆ ತಂದು ಪೀಠದ ಮುಂದೆ ನಿಂತಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ರಾಜಿಯಾಗು, ಆಮೇಲೆ ಬಾ ಅಂದರು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಸ್ವಾಮಿಯನ್ನು ಮನೆಗೆ ಬರಮಾಡಿಕೊಂಡಾಗ ತಾನು ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಈ ಮನೆಗೆ ಇವತ್ತು ರಕ್ಷಣೆ ಬಂತು ಅಂತ ಸ್ವಾಮಿ ಹೇಳಿದ್ದು ಅದನ್ನು ಕೇಳಿದ ಮೇಲೆ. ಲೋಟ ಬಟ್ಟಲಿನ ಹೊರಗೆ ಮಾತ್ರ ತೊಳೆಯುತ್ತೀರಿ, ಒಳಗೆ ದುರಾಸೆ ತುಂಬಿದೆ ಅಂತ ಸ್ವಾಮಿ ಆ ಕಾಲದ ಕಟ್ಟಾ ಧಾರ್ಮಿಕರಾದ ಫರಿಸಾಯರಿಗೆ ಬೈದರಲ್ಲ, ಅದು ಯಾವ ಹೆಂಗಸಿಗೂ ಒಂದೇ ಸಲಕ್ಕೆ ಅರ್ಥವಾಗುವ ಮಾತು. ಹೊರಗೆ ಥಳಥಳ ಹೊಳೆಯುವ ಪಾತ್ರೆಯ ತಳದಲ್ಲಿ ಹಾಲು ಹತ್ತಿದ್ದರೆ ಮುಂದಿನ ಪಾಯಸವೂ ಕೆಡುತ್ತದೆ, ಅಲ್ವಾ?

ಬಸ್ ಹತ್ತಿ ತಂಗಿಯ ಮನೆಗೆ ಹೋದೆ. ಹೋಗುವ ದಾರಿಯಲ್ಲಿ ಎರಡು ಸಲ ಇಳಿದು ವಾಪಸ್ ಬರೋಣ ಅನ್ನಿಸಿತು. ಅವಳು ಬಳೆಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. "ಇಷ್ಟು ವರ್ಷ ಬೇಕಾಯ್ತಾ ಅಕ್ಕಾ?" ಅಂದಳು. ನನ್ನ ಹತ್ತಿರ ಮಾತಿರಲಿಲ್ಲ. ಅಪ್ಪಿಕೊಂಡು ಅತ್ತೆವು ಅಂತ ಬರೆದರೆ ಸುಳ್ಳಾಗುತ್ತದೆ. ಕಾಫಿ ಕೊಟ್ಟಳು. ಬಸ್‌ಸ್ಟ್ಯಾಂಡ್ ತನಕ ಮಗನನ್ನು ಜೊತೆಗೆ ಕಳಿಸಿದಳು. ಆಮೇಲೆ ನಿಧಾನಕ್ಕೆ ಫೋನು ಶುರುವಾಯಿತು. ಈಗ ವಾರಕ್ಕೆ ಒಂದು ಸಲ ಮಾಡುತ್ತಾಳೆ, ಕೆಲವು ಸಲ ಮರೆಯುತ್ತಾಳೆ.

ಒಂದು ಸಲ ಸರಿಮಾಡಿದರೆ ಸಾಕು ಅಂತ ನಾನು ಹೇಳುತ್ತಿಲ್ಲ. ಹೆಂಚನ್ನೇ ನೋಡಿ, ಪ್ರತಿ ವರ್ಷ ಮಳೆಗೆ ಮುಂಚೆ ಕೈಯಾಡಿಸಲೇಬೇಕು. ನಮ್ಮ ಕಡೆ ಮಕ್ಕಳೆಲ್ಲ ಬೆಂಗಳೂರು ಸೇರಿ ಬೀಗ ಬಿದ್ದ ಮನೆಗಳು ಬೇಕಾದಷ್ಟಿವೆ. ಹೋಗುವಾಗ ಚೆನ್ನಾಗಿ ಗುಡಿಸಿ ಒರೆಸಿಯೇ ಹೋಗಿರುತ್ತಾರೆ. ಎರಡು ಮಳೆಗಾಲ ಕಳೆದು ಬಂದು ನೋಡಿದರೆ ಬಾಗಿಲ ಚೌಕಟ್ಟು ಗೆದ್ದಲಿನ ಪಾಲು, ಅಟ್ಟದಲ್ಲಿ ಬಾವಲಿ. ಒಲೆ ಉರಿಯುವ, ಜನ ಓಡಾಡುವ ಮನೆಗೆ ಗೆದ್ದಲು ಹತ್ತುವುದು ಕಮ್ಮಿ ಅಂತ ಹಿರಿಯರು ಹೇಳುತ್ತಿದ್ದರು, ಹೊಗೆ ತಾಗಿದ ಮರ ಬೇಗ ಹಾಳಾಗುವುದಿಲ್ಲ. ಬೈಬಲಿನ ಮತ್ತಾಯನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಗುಡಿಸಿ ಅಲಂಕರಿಸಿ ಖಾಲಿ ಬಿಟ್ಟ ಮನೆಯ ಮಾತು ಬರುತ್ತದೆ. ಬಿಟ್ಟು ಹೋದ ದೆವ್ವ ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಬಂದು ಅಲ್ಲೇ ನೆಲೆಯೂರುತ್ತದೆ. ಗುಡಿಸಿದ್ದು ತಪ್ಪಲ್ಲ, ಗುಡಿಸಿ ಖಾಲಿ ಬಿಟ್ಟದ್ದು ತಪ್ಪು. ಹಾಗಾಗಿ ನಲವತ್ತು ದಿನ ಮಾಂಸ ಬಿಟ್ಟವರು ಆ ಉಳಿದ ದುಡ್ಡನ್ನು, ಆ ಹೊತ್ತನ್ನು ಯಾರಿಗೆ ಕೊಟ್ಟೆವು ಅಂತಲೂ ನೋಡಿಕೊಳ್ಳಬೇಕು. ನಮ್ಮಲ್ಲಿ ಉಪವಾಸ, ಪ್ರಾರ್ಥನೆ, ದಾನ ಮೂರನ್ನೂ ಒಟ್ಟಿಗೇ ಹೇಳುವುದು ಇದಕ್ಕೇ.

ಬಳೆ ಕೊಟ್ಟಾಯಿತು ಅಂದುಕೊಂಡಿದ್ದೆ. ಈ ತಪಸ್ಸುಕಾಲದಲ್ಲಿ ಕೂತು ಯೋಚಿಸುವಾಗ ಇನ್ನೊಂದು ಕಡೆ ನೀರು ಇಳಿಯುತ್ತಿರುವುದು ಕಂಡಿತು. ಆ ವರ್ಷಗಳಲ್ಲಿ ನಾನು ತಂಗಿಯ ಬಗ್ಗೆ ನಾಲ್ಕು ಮನೆಯಲ್ಲಿ ಮಾತಾಡಿದ್ದೆ. ಅಮ್ಮನನ್ನು ನೋಡಿಕೊಳ್ಳಲಿಲ್ಲ, ಚಿನ್ನದ ಮೇಲೆ ಕಣ್ಣು ಅಂತೆಲ್ಲ. ಬಳೆಯನ್ನು ಡಬ್ಬಿಯಿಂದ ತೆಗೆದು ಕೊಡಬಹುದು. ಆಡಿದ ಮಾತನ್ನು ಹೇಗೆ ವಾಪಸ್ ಕೊಡುವುದು? ಗುರುಗಳನ್ನು ಕೇಳಿದೆ. ಎಲ್ಲಿ ಹೇಳಿದ್ದಿಯೋ ಅಲ್ಲಿಗೇ ಹೋಗಿ ಅದು ಸುಳ್ಳು ಅಂತ ಹೇಳು ಅಂದರು. ಎರಡು ಮನೆಗೆ ಹೋಗಿ ಬಂದೆ. ಒಂದು ಮನೆಯಲ್ಲಿ "ಅದೆಲ್ಲ ಯಾವಾಗಲೋ ಮರೆತುಬಿಟ್ಟಿದ್ದೀವಿ" ಅಂದರು. ಇನ್ನೊಂದು ಮನೆಯಲ್ಲಿ ಏನೂ ಹೇಳದೆ ನನ್ನ ಮುಖವನ್ನೇ ನೋಡುತ್ತಾ ಕೂತರು, ಅದು ಜಾಸ್ತಿ ಕಷ್ಟವಾಯಿತು.

ಮೂರನೆಯದು ಇದೇ ಪಕ್ಕದ ಮನೆ. ಈ ಪತ್ರ ಅಚ್ಚಾಗಿ ಅವರ ಕೈಗೆ ಸಿಗುವ ಮುಂಚೆ, ನಾಳೆ ಬೆಳಿಗ್ಗೆಯೇ ಹೋಗಿ ಅಕ್ಕನಿಗೆ ನಾನೇ ಬಾಯಿಬಿಟ್ಟು ಹೇಳುತ್ತೇನೆ. ನಾಲ್ಕನೆಯವರು ಹಾಸನದಲ್ಲಿದ್ದಾರೆ. ಅಲ್ಲಿಗೆ ಗರಿಗಳ ಭಾನುವಾರಕ್ಕೆ ಮುಂಚೆ ಹೋಗಬೇಕು.

ಇಂತಿ,
ನಿಮ್ಮ ಹಳೆಯ ಓದುಗರು
ಸಕಲೇಶಪುರ ತಾಲ್ಲೂಕು