ಮಗಳಿಗೊಂದು ಪತ್ರ: ನಿಮ್ಮತ್ತೆಯ ಹಿಪ್ ಆಪರೇಷನ್ನೂ ನರದ ಇಂಜೆಕ್ಷನ್ನೂ

ಪುಟ್ಟಿ,

ಬೀಗತಿಯವರ ಹಿಪ್ ಆಪರೇಷನ್ ಹುಬ್ಬಳ್ಳಿಯಲ್ಲೇ ಅಂತ ಗೊತ್ತಾಯಿತಂತೆ, ನಿಮ್ಮವ್ವ ಹೇಳಿದಳು. ಆಮೇಲಿನ ನೋವಿಗೆ ನರ್ವ್ ಬ್ಲಾಕ್, ಅಂದರೆ ನರ ಮರಗಟ್ಟಿಸುವ ಇಂಜೆಕ್ಷನ್, ಹಾಕಿಸುವುದಾ ಬೇಡವಾ ಅಂತ ರಾಣೇಬೆನ್ನೂರಿನಲ್ಲಿ ದೊಡ್ಡ ಚರ್ಚೆಯೇ ನಡೆದಿದೆಯಲ್ವಾ. ನಿಮ್ಮ ಮಾವನವರು "ನರಕ್ಕ ಸೂಜಿ ಚುಚ್ಚಿದ್ರ ಕಾಲು ಹೋದಂಗ" ಅಂದರಂತೆ. ನಾನು ಹಾಕಿಸಿಕೊಂಡವನು, ಈಗ ದಿನಾ ಸಾಧನಕೇರಿವರೆಗೆ ನಡೆದು ಬರುತ್ತೇನೆ. ಹಾಕಿಸಿ. ಆದರೆ ಅದು ಇಳಿಯುವ ಹೊತ್ತಿಗೆ ಏನು ಮಾಡಬೇಕು ಅಂತ ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಮಾವನವರಿಗೆ ಹೇಳು, ಸೂಜಿಯನ್ನು ನರದ ಒಳಗೆ ಚುಚ್ಚುವುದಿಲ್ಲ. ಅರಿವಳಿಕೆ ಡಾಕ್ಟರು ತೊಡೆಸಂದಿನ ಮೇಲೆ ಸ್ಕ್ಯಾನಿಂಗ್ ಮಷಿನ್ ಇಟ್ಟು, ಪರದೆ ನೋಡುತ್ತಾ ನರದ ಸುತ್ತ ಔಷಧ ಬಿಡುತ್ತಾರೆ. ಬಸುರಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡ್. ಔಷಧದ ಹೆಸರು ಬುಪಿವಕೇನ್ ಅಥವಾ ರೋಪಿವಕೇನ್. ಹಲ್ಲು ಕೀಳುವ ಮೊದಲು ಒಸಡಿಗೆ ಕೊಡುತ್ತಾರಲ್ಲ, ಅದೇ ಜಾತಿಯದು, ಅದಕ್ಕಿಂತ ಜಾಸ್ತಿ ಹೊತ್ತು ಇರುತ್ತದೆ. ನರದೊಳಗೆ ಸೋಡಿಯಂ ಹೋಗುವ ದಾರಿಯನ್ನು ಅದು ಮುಚ್ಚಿಬಿಡುತ್ತದೆ, ಹಾಗಾಗಿ ನೋವಿನ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ. ಔಷಧ ಇಳಿದ ಮೇಲೆ ನರ ಮತ್ತೆ ಕೆಲಸ ಶುರು ಮಾಡುತ್ತದೆ. ನರಕ್ಕೆ ಕಾಯಂ ಪೆಟ್ಟಾಗುವುದು ತೀರಾ ಅಪರೂಪ. ಆಗುವುದೇ ಇಲ್ಲ ಅಂತ ಸುಮ್ನೆ ಸುಳ್ಳು ಹೇಳುವುದಿಲ್ಲ.

ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್ ಬೇರೆ, ಇದು ಬೇರೆ. ಅದು ಆಪರೇಷನ್ ಹೊತ್ತಿಗೆ, ಕೆಲವು ತಾಸಿನಲ್ಲಿ ಇಳಿಯುತ್ತದೆ. ಇದು ಆಮೇಲಿನ ನೋವಿಗೆ.

ಗುಳಿಗೆ, ಮಾರ್ಫಿನ್ ಇದ್ದಾವಲ್ಲ, ಇದ್ಯಾಕೆ ಬೇಕು ಅಂತ ಅಳಿಯಂದಿರು ಕೇಳಿದರಂತೆ. ಮಾರ್ಫಿನ್, ಟ್ರಾಮಡಾಲ್ ಜಾತಿಯ ಔಷಧಗಳಿಂದ ವಾಂತಿ ಬಂದಂತಾಗುತ್ತದೆ, ಮಲ ಕಟ್ಟುತ್ತದೆ, ಮಂಪರು ಹಿಡಿಯುತ್ತದೆ. ವಯಸ್ಸಾದವರಿಗೆ ಬುದ್ಧಿ ಗಲಿಬಿಲಿ ಆಗುವುದೂ ಉಂಟು. ನನ್ನ ಪಕ್ಕದ ಮಂಚದ ಹಿರಿಯರೊಬ್ಬರು ನಡುರಾತ್ರಿ ಎದ್ದು ಕೂತು "ಗದಗ ಬಸ್ ಬಂತೇನು" ಅಂತ ನರ್ಸ್‌ಗೆ ಕೇಳುತ್ತಿದ್ದರು. ಎಲ್ಲಾ ಆ ಔಷಧದಿಂದಲೇ ಅನ್ನಲಾಗದು, ನಿದ್ದೆಗೇಡು, ವಯಸ್ಸು, ನೋವು ಎಲ್ಲಾ ಸೇರುತ್ತವೆ. ಬ್ಲಾಕ್ ಇದ್ದರೆ ಅಂಥ ಔಷಧ ಕಡಿಮೆ ಸಾಕಾಗುತ್ತದೆ. ಎಪ್ಪತ್ತು ದಾಟಿದ ಬೀಗತಿಯವರಿಗೆ ಅದೇ ದೊಡ್ಡ ಲಾಭ.

ಹಾಗಂತ ನೋವು ಪೂರ್ತಿ ಮಾಯವಾಗುತ್ತದೆ ಅಂದುಕೊಳ್ಳಬೇಡ. ಚಪ್ಪೆಯ ಕೀಲಿಗೆ, ಅಂದರೆ ಹಿಪ್‌ಗೆ, ಬರುವ ನರ ಒಂದೇ ಅಲ್ಲ, ಮುಂದಿನಿಂದ ಬೇರೆ, ಹಿಂದಿನಿಂದ ಬೇರೆ. ತೊಡೆಸಂದಿಯಲ್ಲಿ ಕೊಟ್ಟ ಇಂಜೆಕ್ಷನ್ನಿಗೆ ಹಿಂದಿನವು ಸಿಗುವುದಿಲ್ಲ. ನನಗೆ ಕುಂಡಿಯ ಕಡೆ ಒಂದು ಮಂದ ನೋವು ಇದ್ದೇ ಇತ್ತು.

ಈಗ ಮುಖ್ಯ ಮಾತು. ಒಂದೇ ಸಲ ಕೊಟ್ಟ ಬ್ಲಾಕ್ ಅರ್ಧ ದಿನದಿಂದ ಒಂದು ದಿನದವರೆಗೆ ಇರಬಹುದು. ಬೆಳಗ್ಗೆ ಆಪರೇಷನ್ ಆದರೆ ರಾತ್ರಿಯೋ ನಸುಕಿನಲ್ಲೋ ಇಳಿಯುತ್ತದೆ, ವಾರ್ಡಿನಲ್ಲಿ ಜನ ಕಡಿಮೆ ಇರುವ ಹೊತ್ತು ನೋಡು. ನೋವು ಸಾವಕಾಶ ಬರುವುದಿಲ್ಲ, ಒಮ್ಮೆಲೇ ಏರಿ ಬರಬಹುದು. ಅದಕ್ಕೇ ಪ್ಯಾರಾಸಿಟಮಾಲ್, ಮತ್ತೆ ಡಾಕ್ಟರು ಬರೆದ ಇತರ ಗುಳಿಗೆಗಳನ್ನು ನೋವು ಇಲ್ಲದಾಗಲೇ ವೇಳೆಗೆ ಸರಿಯಾಗಿ ಕೊಡಬೇಕು. "ಬ್ಯಾನಿ ಇಲ್ಲ, ಗುಳಿಗಿ ಯಾಕ" ಅಂತ ಬೀಗತಿಯವರು ಅಂದೇ ಅನ್ನುತ್ತಾರೆ, ದಿಂಬಿನ ಕೆಳಗೆ ಇಟ್ಟುಬಿಡುವವರು ಅವರು. ನಾನೂ ಹಾಗೇ ಅಂದೆ, ನಿಮ್ಮವ್ವ ಎದುರಿಗೆ ನಿಂತು ನುಂಗಿಸಿದಳು. ನೀನೂ ನಿಲ್ಲು. ಕೆಲವು ದವಾಖಾನೆಗಳಲ್ಲಿ ಸಣ್ಣ ನಳಿಕೆ ಬಿಟ್ಟು ಎರಡು ಮೂರು ದಿನ ಔಷಧ ಹರಿಸುತ್ತಾರೆ, ಅಲ್ಲಿ ಆ ಸೌಲಭ್ಯ ಇದೆಯಾ ಅಂತ ಕೇಳು.

ಯಾವ ಬ್ಲಾಕ್ ಅಂತಲೂ ಕೇಳು. ಫೆಮೋರಲ್, ಫೇಷಿಯಾ ಇಲಿಯಾಕಾ ಅನ್ನುವವು ನೋವಿನ ಜೊತೆ ತೊಡೆಯ ಬಲವನ್ನೂ ಕಟ್ಟಿಹಾಕುತ್ತವೆ, ನಿಂತಾಗ ಮೊಣಕಾಲು ಕುಸಿಯಬಹುದು. ಪೆಂಗ್ ಅಂತ ಇನ್ನೊಂದಿದೆ, 2018ರಲ್ಲಿ ಕೆನಡಾದ ಟೊರೊಂಟೊ ಡಾಕ್ಟರುಗಳು ಬರೆದದ್ದು. ಅದರಲ್ಲಿ ಬಲ ಬಹಳಮಟ್ಟಿಗೆ ಉಳಿಯುತ್ತದೆ, ಪೂರ್ತಿ ಗ್ಯಾರಂಟಿ ಇಲ್ಲ. ಈಗೆಲ್ಲಾ ಅದೇ ದಿನ ಅಥವಾ ಮರುದಿನವೇ ಎಬ್ಬಿಸಿ ನಡೆಸುತ್ತಾರೆ, ನಡೆಯಲಿ. ಆದರೆ ಯಾವ ಬ್ಲಾಕ್ ಆದರೂ ಒಬ್ಬರೇ ಎದ್ದು ಬಾತ್‌ರೂಮಿಗೆ ಹೋಗುವುದು ಬೇಡವೇ ಬೇಡ. ಯಾರಿಗೂ ತ್ರಾಸು ಕೊಡಬಾರದು ಅಂತ ಎದ್ದು ಹೋಗುವ ಸ್ವಭಾವ ಅವರದು, ನಿನಗೇ ಗೊತ್ತು. ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲವನ್ನೂ ಇಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಇಂಜೆಕ್ಷನ್ ಕೊಟ್ಟ ಮೇಲೆ ಬಾಯಲ್ಲಿ ಕಬ್ಬಿಣದ ರುಚಿ, ಕಿವಿಯಲ್ಲಿ ಗುಂಯ್ ಸದ್ದು, ತುಟಿ ಜೋಮು ಅಂದರೆ ತಕ್ಷಣ ಹೇಳಬೇಕು. ಔಷಧ ರಕ್ತಕ್ಕೆ ಜಾಸ್ತಿ ಹೋದರೆ ಹಾಗಾಗುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅವರು, ರಕ್ತ ತೆಳು ಮಾಡುವ ಗುಳಿಗೆಯ ಚೀಟಿಯನ್ನು ಅರಿವಳಿಕೆ ಡಾಕ್ಟರಿಗೆ ತೋರಿಸು. ಎಂದು ನಿಲ್ಲಿಸಬೇಕು ಅಂತ ಅವರೇ ಹೇಳಲಿ, ನೀವಾಗಿ ನಿಲ್ಲಿಸಬೇಡಿ.

ನನ್ನ ವಾಕರ್, ಕಮೋಡ್ ಕುರ್ಚಿ ಎರಡೂ ಅಟ್ಟದ ಮೇಲಿವೆ. ಕುರ್ಚಿಯ ಎತ್ತರ ಅವರಿಗೆ ಸರಿಹೋಗಬೇಕು, ಕೂತಾಗ ಮೊಣಕಾಲು ಚಪ್ಪೆಗಿಂತ ಮೇಲೆ ಬರಬಾರದು. ಅಳತೆ ತಗೊಂಡು ಫೋನ್ ಮಾಡು, ಕಾಲು ಏರಿಸಿ ಸರಿಮಾಡಿಸಿ ಕಳಿಸುತ್ತೇನೆ.

ನಿನ್ನ ಅಪ್ಪ
ಧಾರವಾಡ