ಶಾಸಕರೇ, ಆ ಕೋಣೆಯ ಬೀಗ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಿಮ್ಮ ಕ್ಷೇತ್ರದ ಹಳ್ಳಿಯವನು ನಾನು. ನಮ್ಮ ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯ ಬೀಗ ತೆಗೆಸಿ ಅಂತ ಕೇಳಲು ಈ ಕಾಗದ. ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವುದು ಕಸುಬು. 15 ಕೆ.ಜಿ. ಬಾಕ್ಸಿಗೆ ಇಷ್ಟು ಅಂತ ಕೂಗುವವನಿಗೆ ಬಾಯೇ ಬಂಡವಾಳ. ಹೋದ ಆಷಾಢದಲ್ಲಿ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸೋರಿತು. ಎಡಗಣ್ಣು ಮುಚ್ಚಲಿಲ್ಲ. ಆದರೂ ಮಂಡಿಗೆ ಹೋದೆ. ತುಟಿ ಕೂಡದೆ ‘ಎಂಬತ್ತು’, ‘ತೊಂಬತ್ತು’ ಹೊರಡಲೇ ಇಲ್ಲ.

ಗಾಳಿ ಬಡಿದಿದೆ ಅಂದರು ಕೆಲವರು, ಲಕ್ವ ಅಂದರು ಕೆಲವರು. ಆ ಆಸ್ಪತ್ರೆಯ ಡಾಕ್ಟರು ಹುಬ್ಬು ಏರಿಸಲು ಹೇಳಿದರು. ಎಡಹಣೆಯಲ್ಲಿ ಗೆರೆಯೇ ಮೂಡದ್ದನ್ನು ನೋಡಿ, ಇದು ಮಿದುಳಿನದಲ್ಲ, ಮುಖದ ನರದ್ದು, ಬೆಲ್ಸ್ ಪಾಲ್ಸಿ ಅಂದರು. ಕಿವಿಯ ಹಿಂದಿನ ಮೂಳೆಯೊಳಗೆ ಇಕ್ಕಟ್ಟಿನ ದಾರಿಯಲ್ಲಿ ಬರುವ ನರ ಊದಿ, ಅಲ್ಲೇ ಅದುಮಿಕೊಳ್ಳುತ್ತದಂತೆ. ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಆಯಿತು. ಕಣ್ಣಿಗೆ ಹಗಲು ಡ್ರಾಪ್ಸ್, ರಾತ್ರಿ ಮುಲಾಮು, ಟೇಪು. ಇಲ್ಲಿಯತನಕ ನನ್ನ ದೂರಿಲ್ಲ.

‘ಮುಖಕ್ಕೆ ವ್ಯಾಯಾಮ ಮಾಡಿ’ ಅಂದರು, ತೋರಿಸಿಕೊಡುವವರಿರಲಿಲ್ಲ. ಫಿಸಿಯೋಥೆರಪಿ ಕೋಣೆಗೆ ಬೀಗ. ನನಗೆ ತಿಳಿದ ಹಾಗೆ ಮೊಮ್ಮಗಳ ಬಲೂನು ಊದಿದೆ, ಮುಖ ಕಿವುಚಿದೆ, ಚೂಯಿಂಗ್ ಗಮ್ ಅಗಿದೆ. ಅಗಿಯುವ ಸ್ನಾಯುವಿನ ನರವೇ ಬೇರೆ ಅಂತ ಆಮೇಲೆ ಗೊತ್ತಾಯಿತು! ತಿಂಗಳುಗಳು ಕಳೆದು ಮುಖವೇನೋ ಮರಳಿತು, ಆದರೆ ಬಾಯಿ ಅಗಲಿಸಿದರೆ ಎಡಗಣ್ಣೂ ಜೊತೆಗೇ ಮುಚ್ಚುತ್ತದೆ. ನರ ಮತ್ತೆ ಚಿಗುರುವಾಗ ದಾರಿ ತಪ್ಪಿ ಬೇರೆ ಸ್ನಾಯುವಿಗೆ ಸೇರಿದರೆ ಹೀಗಾಗುತ್ತದಂತೆ. ಹರಾಜಿನ ನಡುವೆ ಕಣ್ಣು ಹೊಡೆದೆ, ಯಾರಿಗೋ ಸನ್ನೆ ಮಾಡಿದೆ ಅಂತ ಹೊಸ ವ್ಯಾಪಾರಿಯೊಬ್ಬರು ಜಗಳಕ್ಕೇ ಬಂದರು.

ಕಡೆಗೆ ಬೆಂಗಳೂರಿಗೆ ಬಸ್ಸು ಹತ್ತಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತೆ. ಅವರ ಬಳಿ ಇದ್ದದ್ದು ಒಂದು ಕನ್ನಡಿ. ಮೊದಲು ಮಸಾಜು ಮಾಡಿ ಕೆನ್ನೆಯ ಬಿಗಿತ ಸಡಿಲಿಸಿದರು. ಆಮೇಲೆ, ಚೆನ್ನಾಗಿರುವ ಬಲಗಡೆ ಜೋರು ಮಾಡದಂತೆ ಬೆರಳಿಂದ ತಡೆದು, ಅಕ್ಕಿಕಾಳಿನಷ್ಟೇ ನಗಿ, ಕಣ್ಣು ಕದಲಿದರೆ ಅಲ್ಲಿಗೇ ನಿಲ್ಲಿಸಿ ಅಂದರು. ಬಲ ಹಾಕಿದರೆ ಕೆಡುತ್ತದೆ. ಕೂಗುವ ಕಸುಬಿನವನಿಗೆ ಇದೆಂಥ ಶಿಕ್ಷೆ ನೋಡಿ.

ಮುಖದ ಸ್ನಾಯುವಿಗೆ ಕರೆಂಟ್ ಕೊಡುವ ಮಶೀನು ಕೇಳುತ್ತಿಲ್ಲ, ಅದರಿಂದ ಎಷ್ಟು ಗುಣ ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ಆ ಬೀಗ ತೆಗೆಸಿ, ವಾರಕ್ಕೆರಡು ದಿನವಾದರೂ ಮುಖದ ವ್ಯಾಯಾಮ ಬಲ್ಲ ಒಬ್ಬರನ್ನು ಕೂರಿಸಿ. ಏನು ಮಾಡಬೇಕು, ಏನು ಮಾಡಬಾರದು ಅಂತ ಕನ್ನಡದಲ್ಲೂ ತೆಲುಗಿನಲ್ಲೂ ಒಂದು ಚೀಟಿ ಅಚ್ಚು ಹಾಕಿಸಿ. ಕನ್ನಡಿ ನಾನೇ ತಂದುಕೊಡುತ್ತೇನೆ.

ಇಂತಿ,
ಮಂಡಿಯಲ್ಲಿ ಹರಾಜು ಕೂಗುವ ನಿಮ್ಮ ಮತದಾರ